ಹನ್ನೆರಡನೆಯ ಸಮಾಧಾನಿ

ಎಲ್ಲಕ್ಕೂ ಮೂಲ ಒಂದು ಹಾಳೆ. ಬುಧವಾರ ಸಂಜೆ ಅಕ್ಕನ ಮಗಳು ಮನೆಗೆ ಬಂದು ಅದನ್ನು ಕೈಗಿಟ್ಟು ಹೋಗಿದ್ದಳು. ಅದರಲ್ಲಿ ಇದ್ದದ್ದು ಎರಡೇ ಮಾತು. ರಾತ್ರಿ ಹತ್ತರ ನಂತರ ನೀರೊಂದನ್ನು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ರಕ್ತ ಕೊಡುವವರೆಗೆ ಸಿಟ್ಟು, ಹೆದರಿಕೆ, ಗಡಿಬಿಡಿ ಕೂಡದು.

ಹಾಳೆ ಇಸಿದುಕೊಂಡವನು ನೀರು ಸರಬರಾಜು ಕಚೇರಿಯ ದೂರು ಕೌಂಟರಿನ ಗುಮಾಸ್ತ. ಹತ್ತೊಂಬತ್ತು ವರ್ಷದಿಂದ ಅದೇ ಕಿಂಡಿಯ ಹಿಂದೆ ಕೂತು ಊರವರ ಬೈಗುಳ ಕೇಳಿಸಿಕೊಂಡು ಬಂದವನು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದವರಿಗೂ, ಗಾಳಿ ಬರುತ್ತಿದೆ ಎಂದವರಿಗೂ, ನಿಮ್ಮ ವಂಶ ನಿರ್ವಂಶವಾಗಲಿ ಎಂದವರಿಗೂ ಅವನದು ಒಂದೇ ಉತ್ತರ: "ಬರ್ಕೊಂಡಿದೀನಿ, ಕೂತ್ಕೊಳ್ಳಿ." ಇಷ್ಟು ವರ್ಷದಲ್ಲಿ ಅವನ ದನಿ ಒಂದು ಗೆರೆ ಮೇಲೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೇ ಕಚೇರಿಯವರು ಅವನಿಗೆ ತಣ್ಣೀರು ಎಂದು ಹೆಸರಿಟ್ಟಿದ್ದರು. ಸ್ವಭಾವ ತಣ್ಣೀರಿನಂತೆ ಇದ್ದರೂ ಮೈ ಮಾತ್ರ ತುಂಬಿದ ಹಂಡೆಯಂತಿತ್ತು. ಬೆಳಗ್ಗೆ ಅವನ ಹೊಟ್ಟೆ ಕಚೇರಿಯ ಬಾಗಿಲು ದಾಟಿದ ಮೇಲೆ ಅವನು ದಾಟುತ್ತಿದ್ದ.

ಅಕ್ಕನ ಮಗಳು ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ವಿಷಯ, ಕೊಬ್ಬು ಕರಗುವುದು.

"ಮಾವ, ನಿಮ್ಮ ಹೊಟ್ಟೇಲಿರೋ ಕೊಬ್ಬೆಲ್ಲ ಪುಟ್ಟ ಪುಟ್ಟ ಜೀವಕೋಶಗಳಲ್ಲಿ ತುಂಬಿಟ್ಟಿರುತ್ತೆ" ಎಂದು ಅವಳು ಬುಧವಾರ ಸಂಜೆ ಬಿಡಿಸಿ ಹೇಳಿದ್ದಳು. "ಒಂದೊಂದೂ ಒಂದು ಉಗ್ರಾಣ ಇದ್ದ ಹಾಗೆ. ನಿಮಗೆ ಸಿಟ್ಟೋ ಭಯವೋ ಆಯ್ತು ಅಂದ್ಕೊಳ್ಳಿ. ಮೂತ್ರಪಿಂಡದ ತಲೆ ಮೇಲೆ ಒಂದು ಗ್ರಂಥಿ ಕೂತಿರುತ್ತೆ, ಅದು ಅಡ್ರಿನಲಿನ್ ಅನ್ನೋ ಹಾರ್ಮೋನನ್ನ ರಕ್ತಕ್ಕೆ ಬಿಡುತ್ತೆ. ಅದು ಹೋಗಿ ಉಗ್ರಾಣದ ಬಾಗಿಲು ಬಡಿಯುತ್ತೆ. ಓಡಬೇಕು ಇಲ್ಲ ಹೊಡೆದಾಡಬೇಕು, ಬೇಗ ಸಾಮಾನು ಹೊರಗೆ ಹಾಕಿ ಅಂತ. ಒಳಗಿರೋ ಕಿಣ್ವಗಳು ಕೊಬ್ಬನ್ನ ತುಂಡು ತುಂಡು ಮಾಡಿ ರಕ್ತಕ್ಕೆ ಸುರಿಯುತ್ತವೆ."

"ಊಟ ಯಾಕೆ ಬೇಡ?"

"ಊಟ ಮಾಡಿದ್ರೆ ಇನ್ಸುಲಿನ್ ಬಂದು ಬಾಗಿಲಿಗೆ ಅಗಳಿ ಹಾಕಿಬಿಡುತ್ತೆ. ಹೊಸದು ಬಂದಿದೆ, ಹಳೇದು ಮುಟ್ಟಬೇಡಿ ಅಂತ. ನನಗೆ ಬೇಕಾಗಿರೋದು ಎರಡೂ ಇಲ್ಲದ ಹೊತ್ತು. ಬಾಗಿಲು ಬಡಿಯೋರೂ ಇರಬಾರದು, ಅಗಳಿ ಹಾಕೋರೂ ಇರಬಾರದು. ಆಗ ಕೋಶ ತನ್ನಷ್ಟಕ್ಕೆ ಎಷ್ಟು ಕೊಬ್ಬು ಬಿಡುತ್ತೆ ಅಂತ ಅಳೀಬೇಕು."

ಹೀಗೆ ಅಳೆಯಲು ಹನ್ನೆರಡು ಮಂದಿ ಸಮಾಧಾನಿಗಳು ಬೇಕಿತ್ತು. ಹನ್ನೊಂದು ಮಂದಿ ಆಗಿದ್ದರು. ಹನ್ನೆರಡನೆಯವನಾದ ಗ್ರಂಥಪಾಲಕ ಹಸಿವು ತಡೆಯದೆ ಕಾಲೇಜಿನ ಗೇಟಿನ ಹತ್ತಿರವೇ ಒಂದು ಬನ್ನು ತಿಂದು ಕೈಕೊಟ್ಟಿದ್ದ. ಅಳೆಯುವ ಯಂತ್ರ ಶುಕ್ರವಾರ ಬೇರೆ ವಿಭಾಗಕ್ಕೆ ಹೋದರೆ ವಾಪಸ್ಸು ಬರುವುದು ಮುಂದಿನ ವರ್ಷ. ಅಲ್ಲಿಯವರೆಗೆ ಹುಡುಗಿಯ ಪ್ರಬಂಧ ತ್ರಿಶಂಕು.

"ನೀವು ಬಿಟ್ರೆ ಇಂಥ ಸಮಾಧಾನಿ ನನಗೆ ಎಲ್ಲಿ ಸಿಗ್ತಾರೆ ಮಾವ" ಎಂದಳು. ಬೇರೆ ಯಾವ ವಿಷಯಕ್ಕೂ ಯಾರೂ ಹೊಗಳದ ಮನುಷ್ಯ, ಈ ಮಾತಿಗೆ ಬೆಣ್ಣೆಯಂತೆ ಕರಗಿ ಒಪ್ಪಿಕೊಂಡ.

ಗುರುವಾರ ಬೆಳಗ್ಗೆ ಹೆಂಡತಿ ಅವನನ್ನು ಗಾಜಿನ ಲೋಟದಂತೆ ನೋಡಿಕೊಂಡಳು. ಮಿಕ್ಸಿ ಹಾಕಲಿಲ್ಲ. ಬಾಗಿಲು ಸದ್ದು ಮಾಡಲಿಲ್ಲ. ಅಂಗಿಯನ್ನು ತಾನೇ ಇಸ್ತ್ರಿ ಮಾಡಿ, ತಾನೇ ತೊಡಿಸಿ, ತಾನೇ ಗುಂಡಿ ಹಾಕಿದಳು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಅವನಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಹಸಿದ ಹೊಟ್ಟೆಯಲ್ಲಿ ಬುದ್ಧಿ ಅರ್ಧ ಕೆಲಸ ಮಾಡುತ್ತದೆ.

ಮೂರನೆಯ ಮಹಡಿಯ ಕಚೇರಿಗೆ ಕಾಲಿಟ್ಟಾಗ ಸುದ್ದಿ ಅವನಿಗಿಂತ ಮೊದಲು ಅಲ್ಲಿ ಬಂದು ಕೂತಿತ್ತು. ಹೆಂಡತಿ ಟೈಪಿಸ್ಟ್ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿ, ಸ್ವಲ್ಪ ನೋಡಿಕೊಳ್ಳಿ ಎಂದಿದ್ದಳು. ಟೈಪಿಸ್ಟ್ ಮೇಡಂಗೆ ಒಂದು ವಿಷಯ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

"ಬನ್ನಿ ಸಾರ್, ನಿಧಾನ, ನಿಧಾನ" ಎಂದು ಅವಳು ಪಿಸುಗುಟ್ಟಿದಳು. ಎಲ್ಲರೂ ಎದ್ದು ದಾರಿ ಬಿಟ್ಟರು. ಅವನು ದಾಟಿ ಹೋದ ಮೇಲೆ ಹಿಂದಿನಿಂದ ಕಿಸಿಕಿಸಿ ನಗು ಕೇಳಿಸಿತು. ತಿರುಗಿ ನೋಡಿದರೆ ಎಲ್ಲರ ಮುಖ ಕಡತದೊಳಗೆ. ಮುಂದೆ ಹೋದರೆ ಮತ್ತೆ ಅದೇ ನಗು. ಕಡೆಗೆ ಮುದಿ ಜವಾನ ತಡೆಯಲಾರದೆ ಹೇಳಿದ.

"ಸಾರ್, ನಿಮ್ಮ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಕೂತು ಎದ್ದು ಹೋದ ಹಾಗಿದೆ."

ಅವನು ಮನೆಗೆ ಫೋನು ಮಾಡಿದ.

"ಸುಟ್ಟಿದ್ದು ಹೌದು ರೀ" ಎಂದಳು ಹೆಂಡತಿ. "ಹೇಳಿದ್ರೆ ನಿಮಗೆ ಸಿಟ್ಟು ಬರುತ್ತೆ, ಹಾರ್ಮೋನು ಕೆಡುತ್ತೆ ಅಂತ ಹೇಳ್ಲಿಲ್ಲ. ಈಗ ಸಿಟ್ಟು ಬಂತಾ?"

"ಇಲ್ಲ" ಎಂದು ಅವನು ಹಲ್ಲಿನ ಸಂದಿಯಿಂದ ಹೇಳಿದ. ಒಂದರಿಂದ ಐವತ್ತರವರೆಗೆ ಎಣಿಸಿದ. ಮೂವತ್ತಾರಕ್ಕೆ ಬರುವಾಗ ಮೇಲ್ವಿಚಾರಕರು ಬಂದರು.

ಮೇಲ್ವಿಚಾರಕರು ಯಾವ ಕೆಲಸವನ್ನೂ ಕೈಯಿಂದ ಮುಟ್ಟದವರು. ಆದರೆ ಬೇರೆಯವರ ಕೆಲಸದಲ್ಲಿ ಅವರಷ್ಟು ಉತ್ಸಾಹಿ ಇನ್ನೊಬ್ಬರಿಲ್ಲ. "ವಿಜ್ಞಾನಕ್ಕೆ ನಮ್ಮ ಕಚೇರಿಯಿಂದ ಹೋಗ್ತಿರೋ ಮೊದಲ ರಕ್ತ ಇದು" ಎಂದು ಅವರು ಸಣ್ಣದೊಂದು ಭಾಷಣವನ್ನೇ ಮಾಡಿದರು. "ಎರಡು ಗಂಟೆವರೆಗೆ ಇವರನ್ನ ಕಾಯೋದು ನಮ್ಮೆಲ್ಲರ ಹೊಣೆ."

ಕಾಯುವ ಕೆಲಸ ಶುರುವಾಯಿತು. ಅವನೆದುರು ತಿನ್ನುವುದು ಪಾಪವೆಂದು ಎಲ್ಲರೂ ತಿಂಡಿ ಡಬ್ಬಿ ಹಿಡಿದು ಹಳೇ ಕಡತದ ಕೋಣೆಗೆ ಹೋದರು. ಆ ಕೋಣೆಯ ಕಿಟಕಿ ಅವನ ಕುರ್ಚಿಯ ನೇರ ಹಿಂದಿತ್ತು. ಒಂದೊಂದು ಡಬ್ಬಿ ತೆರೆದಾಗಲೂ ಅವನ ಮೂಗಿಗೆ ಅಂಚೆ ಬಂದು ತಲುಪುತ್ತಿತ್ತು. ಒಗ್ಗರಣೆಯ ವಾಸನೆ, ತುಪ್ಪದ ವಾಸನೆ, ಆಮೇಲೆ ಯಾರೋ ಬೆರಳು ಚೀಪುವ ಸದ್ದು. ಐದು ನಿಮಿಷಕ್ಕೊಮ್ಮೆ ಒಬ್ಬೊಬ್ಬರು ಬಂದು ಮುಖ ಬಗ್ಗಿಸಿ ಕೇಳುತ್ತಿದ್ದರು: "ಸಮಾಧಾನವಾಗಿದೀರಾ?" ಹತ್ತನೆಯ ಸಲ ಕೇಳಿದಾಗ ಅವನ ಕೈಯಲ್ಲಿದ್ದ ಪೆನ್ಸಿಲ್ಲು ಎರಡು ತುಂಡಾಯಿತು.

"ಪೆನ್ಸಿಲ್ಲು ಮೆತ್ತಗಿತ್ತು" ಎಂದ ಅವನು.

ಹನ್ನೊಂದಕ್ಕೆ ಕಿಂಡಿ ತೆರೆದಾಗ ಎದುರಿಗಿದ್ದವಳು ಎಂಟನೆಯ ಬೀದಿಯ ಹೆಂಗಸು. ಆಕೆಯ ದನಿಗೆ ಕೆಳಮಹಡಿಯಲ್ಲಿ ಮಲಗಿದ ಕಾವಲುಗಾರನೂ ಎದ್ದು ಕೂರುತ್ತಿದ್ದ. ಅವನು ಎಂದಿನಂತೆ ಬೈಗುಳಕ್ಕೆ ಕಿವಿಕೊಟ್ಟು ಕೂತ. ಆದರೆ ಆಕೆ ಕಿಂಡಿಯ ಮೇಲ್ಗಡೆ ಏನನ್ನೋ ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೈಪಿಸ್ಟ್ ಮೇಡಂ ಅಲ್ಲೊಂದು ಕಾಗದ ಅಂಟಿಸಿದ್ದಳು. "ದಯವಿಟ್ಟು ಇವರನ್ನು ಕೆರಳಿಸಬೇಡಿ. ಎರಡು ಗಂಟೆಗೆ ಇವರಿಂದ ರಕ್ತ ಮತ್ತು ಕೊಬ್ಬು ತೆಗೆಯಲಾಗುತ್ತದೆ."

"ಅಯ್ಯೋ ಪಾಪ" ಎಂದಳು ಆಕೆ, ಮಗುವಿಗೆ ಹೇಳುವಂತೆ. "ನಮ್ಮನೇಲಿ ಒಂಬತ್ತು ದಿನದಿಂದ ನೀರಿಲ್ಲ. ಅದೇನು ದೊಡ್ಡದಲ್ಲ ಬಿಡಿ ಅಣ್ಣ. ಮೂರನೇ ಬೀದಿಯಿಂದ ಹೊತ್ಕೊಂಡು ಬರ್ತೀವಿ, ಸೊಂಟ ಇನ್ನೂ ಗಟ್ಟಿಯಾಗಿದೆ. ನಿಮ್ಮ ಆಪರೇಷನ್ನು ಚೆನ್ನಾಗಾಗಲಿ. ಬದುಕಿದ್ರೆ ಆಮೇಲೆ ನೋಡೋಣ." ಕಿಂಡಿಯಲ್ಲಿ ಕೈ ತೂರಿಸಿ ಅವನ ಕೈ ಸವರಿ ಹೊರಟುಹೋದಳು.

ಹತ್ತೊಂಬತ್ತು ವರ್ಷದ ಬೈಗುಳ ಮಾಡದ ಕೆಲಸವನ್ನು ಆ ಸವರುವಿಕೆ ಮಾಡಿತು. ಅವನು ದೂರಿನ ಪುಸ್ತಕ ತಿರುವಿ ನೋಡಿದ. ಎಂಟನೆಯ ಬೀದಿಯ ದೂರು ಅವನದೇ ಅಕ್ಷರದಲ್ಲಿ ನಾಲ್ಕು ಸಲ ಇತ್ತು. ನಾಲ್ಕು ಸಲವೂ ನಕಲು ಮೇಲ್ವಿಚಾರಕರ ಮೇಜಿಗೆ ಹೋಗಿತ್ತು. ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಹಸಿವಿರಬೇಕು ಎಂದುಕೊಂಡು ನೀರು ಕುಡಿದ.

ಹನ್ನೆರಡಕ್ಕೆ ಜವಾನ ಒಂದು ಲಕೋಟೆ ತಂದ. ಮೇಲೆ ಅವನದೇ ವಿಳಾಸ, ಕೇಂದ್ರ ಕಚೇರಿಯ ಮೊಹರು. ಅವನು ಕೈ ಚಾಚುವಷ್ಟರಲ್ಲಿ ಮೇಲ್ವಿಚಾರಕರು ಅದನ್ನು ಕಸಿದುಕೊಂಡು ಒಡೆದು ಓದಿ, ಹುಬ್ಬೇರಿಸಿ, ಜೇಬಿಗೆ ಇಳಿಸಿದರು.

"ಏನ್ ಸಾರ್ ಅದು?"

"ಎರಡು ಗಂಟೆ ಆದ್ಮೇಲೆ ಹೇಳ್ತೀನಿ."

"ಬಡ್ತಿನಾ? ವರ್ಗಾನಾ?"

"ಒಳ್ಳೆ ಸುದ್ದಿ ಆದ್ರೂ ಹಾರ್ಮೋನು, ಕೆಟ್ಟ ಸುದ್ದಿ ಆದ್ರೂ ಹಾರ್ಮೋನು. ನೀವು ಸುಮ್ನೆ ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ."

ಅವನು ಕಣ್ಣು ಮುಚ್ಚಿ ಕೂತ. ಕಣ್ಣ ರೆಪ್ಪೆಯ ಒಳಗೂ ಆ ಲಕೋಟೆಯೇ ಕಾಣಿಸುತ್ತಿತ್ತು.

ಒಂದೂವರೆಗೆ ಹೊರಡಬೇಕು, ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಇಳಿದರೆ ಆಯಾಸ, ಆಯಾಸವಾದರೂ ಅಡ್ರಿನಲಿನ್ ಏರುತ್ತದೆ ಎಂದು ಟೈಪಿಸ್ಟ್ ಮೇಡಂ ಎಲ್ಲೋ ಓದಿದ್ದಳು. ಚರ್ಚೆ ನಡೆದು, ಅವನನ್ನು ಕುರ್ಚಿಯ ಸಮೇತ ಹೊತ್ತು ಇಳಿಸುವುದು ಎಂದು ತೀರ್ಮಾನವಾಯಿತು. ಅವನು ಬೇಡ ಎಂದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಬ್ಬರು ಗುಮಾಸ್ತರು ಮುಂದೆ, ಜವಾನ ಮತ್ತು ಟೈಪಿಸ್ಟ್ ಮೇಡಂ ಹಿಂದೆ. ಮೇಲ್ವಿಚಾರಕರು ಪಕ್ಕದಲ್ಲಿ ನಡೆಯುತ್ತ "ಎಡಕ್ಕೆ, ಬಲಕ್ಕೆ" ಎನ್ನುತ್ತಿದ್ದರು. ತೊಂಬತ್ತಾರು ಕಿಲೋ ಮನುಷ್ಯ ಮೆಟ್ಟಿಲ ಮೇಲೆ ದೋಣಿಯಂತೆ ಓಲಾಡಿದ. ಎರಡನೆಯ ಮಹಡಿಯ ತಿರುವಿನಲ್ಲಿ ಜವಾನನಿಗೆ ಸೀನು ಬಂತು. ಕುರ್ಚಿ ಒಂದು ಕಾಲಿನ ಮೇಲೆ ಇಳಿಯಿತು, ಕಾಲು ಮುರಿಯಿತು. ಅವನು ಆ ತಿರುವಿನ ಉಳಿದ ಆರು ಮೆಟ್ಟಿಲನ್ನು ಕೂತ ಭಂಗಿಯಲ್ಲೇ ಇಳಿದ.

ಐದೂ ತಲೆಗಳು ಮೇಲಿನಿಂದ ಬಗ್ಗಿ ಒಂದೇ ದನಿಯಲ್ಲಿ ಕೇಳಿದವು: "ಸಿಟ್ಟು ಬಂತಾ?"

"ಇಲ್ಲ" ಎಂದ ತಣ್ಣೀರು. ಅವನ ಎಡಗಣ್ಣು ತನ್ನಷ್ಟಕ್ಕೆ ಹೊಡೆದುಕೊಳ್ಳುತ್ತಿತ್ತು.

ಹೇಗೋ ಕೆಳಗೆ ಬಂದು ನೋಡಿದರೆ ಕಚೇರಿಯ ಜೀಪಿನ ಚಕ್ರ ಬಿಚ್ಚಿತ್ತು. ಅಂಗಳದಲ್ಲಿ ನಿಂತಿದ್ದ ಗಾಡಿ ಒಂದೇ, ನೀರಿನ ಟ್ಯಾಂಕರು. ಮುಂದಿನ ಸೀಟಿನಲ್ಲಿ ಚಾಲಕ, ತಣ್ಣೀರು ಮತ್ತು ಮೇಲ್ವಿಚಾರಕರು ಒತ್ತಿಕೊಂಡು ಕೂತರು. ಟೈಪಿಸ್ಟ್ ಮೇಡಂ ಮತ್ತು ಜವಾನ ತಮ್ಮ ಹೊಣೆ ಇನ್ನೂ ಮುಗಿದಿಲ್ಲವೆಂದು ಆಟೋ ಹಿಡಿದು ಹಿಂದೆ ಬಂದರು. ಕಾಲೇಜಿಗೆ ಹತ್ತಿರದ ದಾರಿ ಎಂಟನೆಯ ಬೀದಿಯ ಮೇಲೆ ಹೋಗುತ್ತಿತ್ತು.

ಒಂಬತ್ತು ದಿನ ನೀರು ಕಾಣದ ಬೀದಿಗೆ ತುಂಬಿದ ಟ್ಯಾಂಕರು ಹೊಕ್ಕರೆ ಆಗಬೇಕಾದದ್ದೇ ಆಯಿತು. ಎರಡು ನಿಮಿಷದಲ್ಲಿ ಗಾಡಿಯ ಮುಂದೆ, ಹಿಂದೆ, ಪಕ್ಕ, ಎಲ್ಲೆಲ್ಲೂ ಕೊಡ, ಬಕೆಟ್ಟು, ಪಾತ್ರೆ. ಎಲ್ಲರಿಗಿಂತ ಮುಂದೆ ಬೆಳಗಿನ ಹೆಂಗಸು. ಈಗ ಆಕೆಯ ದನಿ ತನ್ನ ಸ್ವಸ್ಥಾನಕ್ಕೆ ಬಂದಿತ್ತು.

"ಕೆಳಗಿಳೀರಿ. ನೀರು ಕೊಡದೆ ಈ ಗಾಡಿ ಒಂದು ಗೇಣು ಮುಂದೆ ಹೋಗಲ್ಲ."

ಮೇಲ್ವಿಚಾರಕರು ಕಿಟಕಿಯಿಂದ ತಲೆ ಹಾಕಿದರು. "ಇದು ದೊಡ್ಡ ಎಂಜಿನಿಯರ್ ಮನೆಗೆ ಹೋಗೋ ನೀರು. ದಾರಿ ಬಿಡಿ. ಒಳಗಿರೋರು ಸಮಾಧಾನದಲ್ಲಿರಬೇಕು, ನೀವು ಹೀಗೆ ಕೂಗಿದ್ರೆ ಅವರ ರಕ್ತ ಕೆಡುತ್ತೆ."

"ಬರ್ಕೊಳ್ಳೋ ಅಣ್ಣಂಗೆ ರಕ್ತ ಕೆಟ್ರೆ ನಮಗೇನು? ನಮಗೆ ಬಾಯಿ ಒಣಗಿದೆ."

ಮೇಲ್ವಿಚಾರಕರು ಬಗ್ಗಿದಾಗ ಜೇಬಿನಿಂದ ಲಕೋಟೆ ಜಾರಿ ತಣ್ಣೀರಿನ ತೊಡೆಯ ಮೇಲೆ ಬಿತ್ತು. ಅವನು ತೆರೆದು ಓದಿದ. ಮೂರು ವರ್ಷದ ಹಿಂದೆ ಹೊಸ ಕುರ್ಚಿ ಬೇಕೆಂದು ಹಾಕಿದ್ದ ಅರ್ಜಿಗೆ ಉತ್ತರ ಅದು. "ತಾವು ಪ್ರಸ್ತುತ ಉಪಯೋಗಿಸುತ್ತಿರುವ ಕುರ್ಚಿಯು ಸುಸ್ಥಿತಿಯಲ್ಲಿರುವುದಾಗಿ ಮೇಲ್ವಿಚಾರಕರು ವರದಿ ಮಾಡಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ."

ಅವನು ಕಾಗದವನ್ನು ನಾಲ್ಕಾಗಿ ಮಡಿಸಿದ. ಮೇಲ್ವಿಚಾರಕರನ್ನು ದಾಟಿ ಬಾಗಿಲು ತೆರೆದು ಇಳಿದ. ಆಮೇಲೆ ಅವನ ಬಾಯಿಂದ ಬಂದ ದನಿ ತನ್ನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ.

"ಒಂಬತ್ತು ದಿನ. ನಾಲ್ಕು ಸಲ ಬರೆದು ನಿಮ್ಮ ಮೇಜಿನ ಮೇಲಿಟ್ಟೆ ಸಾರ್. ಅದನ್ನ ಓದೋಕೆ ನಿಮಗೆ ಪುರುಸೊತ್ತಿಲ್ಲ. ನನ್ನ ಕುರ್ಚಿ ಕಾಲು ನೋಡೋಕೂ ಪುರುಸೊತ್ತಿಲ್ಲ. ಬೆಳಗ್ಗೆಯಿಂದ ನನಗೆ ಸಮಾಧಾನ ಇದೆಯಾ ಅಂತ ಕೇಳೋಕೆ ಮಾತ್ರ ಪುರುಸೊತ್ತು. ಇಲ್ಲ. ನನಗೆ ಸಮಾಧಾನ ಇಲ್ಲ. ಹತ್ತೊಂಬತ್ತು ವರ್ಷದಿಂದ ಇಲ್ಲ. ಹಸಿವಾಗಿದೆ, ಬೆನ್ನ ಮೇಲೆ ಅಂಗಿ ಸುಟ್ಟಿದೆ, ಕೂತ್ಕೊಳ್ಳೋ ಜಾಗ ಊದಿದೆ. ಇನ್ನೊಂದ್ಸಲ ಯಾರಾದ್ರೂ ಸಮಾಧಾನ ಅಂದ್ರೆ ಟ್ಯಾಂಕರೊಳಗೆ ಮುಳುಗಿಸಿಬಿಡ್ತೀನಿ."

ಅವನು ಗಾಡಿಯ ಹಿಂದಕ್ಕೆ ನಡೆದು ತಾನೇ ನಲ್ಲಿ ತಿರುಗಿಸಿದ. "ಹಿಡ್ಕೊಳ್ಳಿ" ಎಂದ. ಮೊದಲ ಕೊಡ ಬೆಳಗಿನ ಹೆಂಗಸಿನದು. ಆಕೆ ಬೈಯುವುದನ್ನೂ ಮರೆತು ಅವನನ್ನೇ ನೋಡುತ್ತ ನಿಂತಳು. ಕೊಡ ತುಂಬಿ ಚೆಲ್ಲಿದ ಮೇಲೆ ಎಚ್ಚರವಾಯಿತು.

ಕಾಲೇಜು ತಲುಪಿದಾಗ ಎರಡೂ ಮುಕ್ಕಾಲು. ಅಕ್ಕನ ಮಗಳು ಮಾವನ ಕೆಂಪು ಮುಖ ನೋಡಿ ಏನೂ ಕೇಳದೆ ಬೆರಳಿಗೆ ನಾಡಿ ನೋಡುವ ಯಂತ್ರದ ಕ್ಲಿಪ್ಪು ಸಿಕ್ಕಿಸಿದಳು. ನಾಡಿ ನೂರಾ ಹದಿನೆಂಟು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ಕ್ಷಮಿಸು ಮಗಳೇ" ಎಂದ ಅವನು. "ನಿನ್ನ ಕೆಲಸ ಕೆಡಿಸಿಬಿಟ್ಟೆ."

"ಇರಲಿ ಮಾವ. ಬಂದಿದೀರಲ್ಲ, ತೆಗೀತೀನಿ" ಎಂದು ಅವಳು ರಕ್ತ ತೆಗೆದು ಒಳಗೆ ಒಯ್ದಳು.

ಮುಕ್ಕಾಲು ಗಂಟೆ ಅವನು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮೇಲ್ವಿಚಾರಕರು, ಟೈಪಿಸ್ಟ್ ಮೇಡಂ, ಜವಾನ ಮೂವರೂ ದೂರದ ಬೆಂಚಿನಲ್ಲಿ ಕೂತಿದ್ದರು. ಹತ್ತಿರ ಬರಲು ಯಾರಿಗೂ ಧೈರ್ಯವಿರಲಿಲ್ಲ.

ಬಾಗಿಲು ತೆರೆದು ಅಕ್ಕನ ಮಗಳು ಓಡಿ ಬಂದಳು. ಹಿಂದೆಯೇ ಅವಳ ಮಾರ್ಗದರ್ಶಕಿ, ನರೆಗೂದಲಿನ ಪ್ರೊಫೆಸರ್.

"ಮಾವ, ನಿಮಗೆ ನಿಜವಾಗಲೂ ಸಿಟ್ಟು ಬಂದಿತ್ತಾ?"

"ಎಂಟನೇ ಬೀದೀಲಿ ಯಾರನ್ನ ಬೇಕಾದ್ರೂ ಕೇಳು."

"ಮತ್ತೆ ನಿಮ್ಮ ರಕ್ತದಲ್ಲಿ ಕೊಬ್ಬಿನ ತುಂಡುಗಳು ಏರಿಯೇ ಇಲ್ಲ. ಉಳಿದ ಹನ್ನೊಂದು ಜನ ಸಮಾಧಾನವಾಗಿ ಮಲಗಿದ್ದಾಗ ಎಷ್ಟಿತ್ತೋ, ನಿಮ್ಮದು ಅದಕ್ಕಿಂತ ಕಡಿಮೆ."

"ಅಡ್ರಿನಲಿನ್ ಬಂದು ಬಾಗಿಲು ಬಡಿದಿದೆ" ಎಂದರು ಪ್ರೊಫೆಸರ್, ಕನ್ನಡಕ ಒರೆಸಿಕೊಳ್ಳುತ್ತ. "ನಾಡಿ ನೋಡಿದ್ರೆ ಒದ್ದಿದೆ ಅಂತಲೇ ಹೇಳಬೇಕು. ಆದ್ರೆ ಇವರ ಕೊಬ್ಬಿನ ಕೋಶಕ್ಕೆ ಕಿವಿ ಮಂದ. ಕೆಲವರಲ್ಲಿ ಸ್ವಲ್ಪ ಮಂದ ಇರುತ್ತೆ. ಇಷ್ಟು ಕಿವುಡು ಕೋಶ ನಾನು ನೋಡಿರಲಿಲ್ಲ. ಇವರ ಹೊಟ್ಟೆ ಇಳಿಯದೆ ಇರೋಕೆ ಇದೂ ಒಂದು ಕಾರಣ ಇರಬಹುದು."

ಜವಾನ ದೂರದ ಬೆಂಚಿನಿಂದ ಮೆಲ್ಲಗೆ ಹೇಳಿದ: "ಬರ್ಕೊಂಡಿದೆ, ಕ್ರಮ ತಗೊಂಡಿಲ್ಲ."

ಯಾರೂ ನಗಲಿಲ್ಲ. ತಣ್ಣೀರು ಮಾತ್ರ ನಕ್ಕ. ಹುಡುಗಿಯ ಪ್ರಬಂಧ ಉಳಿಯಿತಲ್ಲ ಎಂದು ಅವನ ಎದೆಯ ಕಲ್ಲು ಇಳಿದಿತ್ತು. ಉಳಿದದ್ದಷ್ಟೇ ಅಲ್ಲ, ಈ ಒಂದು ಫಲಿತಾಂಶ ಆ ಹನ್ನೊಂದಕ್ಕಿಂತ ಹೆಚ್ಚು ತೂಗುತ್ತದೆ, ಯಂತ್ರವನ್ನೂ ಇಲ್ಲೇ ಉಳಿಸಿಕೊಳ್ಳುತ್ತೇನೆ ಎಂದು ಪ್ರೊಫೆಸರ್ ಹೇಳಿದರು.

"ಹಾಗಾದ್ರೆ ನಾನು ಊಟಕ್ಕೆ ಹೋಗಬಹುದಾ?" ಎಂದು ಅವನು ಎದ್ದ.

"ಕೂತ್ಕೊಳ್ಳಿ ಮಾವ. ಒಂದೇ ಸಲಕ್ಕೆ ಯಾರೂ ನಂಬಲ್ಲ. ಇದೇ ಸಿಟ್ಟಿನಲ್ಲಿ ಇನ್ನೊಂದ್ಸಲ ರಕ್ತ ತೆಗೀಬೇಕು. ಇನ್ಸುಲಿನ್ ಬರಬಾರದಲ್ಲ, ಊಟ ಆಮೇಲೆ."

ಮತ್ತೆ ಕ್ಲಿಪ್ಪು ಸಿಕ್ಕಿಸಿ ನೋಡಿದರೆ ನಾಡಿ ಅರವತ್ತೆರಡು. ಹತ್ತೊಂಬತ್ತು ವರ್ಷದ್ದನ್ನು ಒಂದೇ ಸಲ ಕಕ್ಕಿ, ಒಂದು ಬೀದಿಯ ಕೊಡ ತುಂಬಿಸಿ, ಅಕ್ಕನ ಮಗಳ ನಗು ನೋಡಿದ ಮನುಷ್ಯನಿಗೆ ಸಿಟ್ಟು ಎಲ್ಲಿಂದ ಬರಬೇಕು? ಈಗ ಅವನು ನಿಜಕ್ಕೂ ಸಮಾಧಾನಿ.

"ಸ್ವಲ್ಪ ಸಿಟ್ಟು ಮಾಡ್ಕೊಳ್ಳಿ ಮಾವ" ಎಂದು ಹುಡುಗಿ ಬೇಡಿಕೊಂಡಳು.

ಕಚೇರಿಯವರು ಮುಂದೆ ಬಂದರು. ಟೈಪಿಸ್ಟ್ ಮೇಡಂ, ಅಂಗಿ ಸುಟ್ಟದ್ದು ತನಗೆ ಬೆಳಗ್ಗೆ ಎಂಟಕ್ಕೇ ಗೊತ್ತಿತ್ತು ಎಂದಳು. ಅವನು ಹೋಗಲಿ ಬಿಡಿ ಎಂದ. ದೊಡ್ಡ ಎಂಜಿನಿಯರ್ ಮನೆಯ ನೀರಿಗೆ ನಾಳೆ ಮೆಮೊ ಕೊಡುವುದಾಗಿ ಮೇಲ್ವಿಚಾರಕರು ಹೇಳಿದರು. ಕೊಡಿ ಸಾರ್, ಬರ್ಕೊಳ್ತೀನಿ ಎಂದ. ಜವಾನ ಎಲ್ಲಿಂದಲೋ ಒಂದು ಬನ್ನು ತಂದು ಅವನ ಮೂಗಿನೆದುರೇ ಮುರಿದು ಮುರಿದು ತಿಂದ. ಅವನು ನಿಟ್ಟುಸಿರು ಬಿಟ್ಟ, ನಾಡಿ ಅರವತ್ತನಾಲ್ಕಕ್ಕೆ ಏರಿ ಮತ್ತೆ ಇಳಿಯಿತು.

ಪ್ರೊಫೆಸರ್ ಗಡಿಯಾರ ನೋಡಿದರು. "ಇವತ್ತು ಆಗಲ್ಲ. ಮುಂದಿನ ಗುರುವಾರದಿಂದ ಹನ್ನೆರಡು ವಾರ ಬರಲಿ. ಪ್ರತಿ ಸಲ ಉಪವಾಸ, ಪ್ರತಿ ಸಲ ಇದೇ ಮಟ್ಟದ ಸಿಟ್ಟು. ಕರ್ಕೊಂಡು ಬರೋಕೆ, ಕೆರಳಿಸೋಕೆ ಜೊತೆಗೊಬ್ಬರು ಬೇಕು. ಕಚೇರಿಯಿಂದ ಯಾರಾದ್ರೂ ಸಿಗ್ತಾರಾ?" ಎಂದು ತಾರೀಖುಗಳ ಪಟ್ಟಿಯೊಂದನ್ನು ಮುಂದಿಟ್ಟರು.

ಮೇಲ್ವಿಚಾರಕರು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಕೆಲಸಕ್ಕೆ ತಾವಾಗಿ ಪೆನ್ನು ತೆಗೆದರು. ಪಟ್ಟಿಯ ಹನ್ನೆರಡು ಗುರುವಾರಗಳ ಎದುರಿಗೂ ತಮ್ಮದೇ ಹೆಸರು ಬರೆದು, ಕೆಳಗೆ ಗೆರೆ ಎಳೆದರು.

"ಬೇರೆಯವರಿಗೆ ಯಾಕೆ ತೊಂದ್ರೆ" ಎಂದರು. "ಬೆಳಗ್ಗೆ ಹತ್ತರಿಂದ ಇವರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."

ನಾಡಿಯ ಯಂತ್ರ ಬೀಪ್ ಬೀಪ್ ಎಂದು ಬಡಿದುಕೊಳ್ಳತೊಡಗಿತು. ಎಂಬತ್ತು, ತೊಂಬತ್ತೈದು, ನೂರಾ ಹತ್ತು.

"ಅಲ್ಲಾಡಬೇಡಿ ಮಾವ, ಹಾಗೇ ಇರಿ" ಎನ್ನುತ್ತ ಅಕ್ಕನ ಮಗಳು ಹಿಗ್ಗಿನಿಂದ ರಕ್ತ ತೆಗೆಯಲು ಅವನ ಇನ್ನೊಂದು ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು.